ಅನುಬಿಯಾಸ್ ಬೆಳೀತಾ ಇಲ್ಲ ಅಂತ ಲೈಟ್ ಹೆಚ್ಚಿಸಬೇಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಹುಬ್ಬಳ್ಳಿಯವನು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಇದೆ, ಹತ್ತು ಹನ್ನೆರಡು ಗಪ್ಪಿ ಇವೆ. ನಾಲ್ಕು ತಿಂಗಳ ಹಿಂದೆ ಅನುಬಿಯಾಸ್ ನಾನಾ, ಜಾವಾ ಫರ್ನ್ ಮತ್ತು ಎರಡು ಕ್ರಿಪ್ಟ್, ಹೀಗೆ ನೀರೊಳಗೆ ಬೆಳೆಯುವ ಮೂರು ಬಗೆಯ ಗಿಡ ತಂದು ಜಲ್ಲಿಯಲ್ಲಿ ನೆಟ್ಟೆ. ಅನುಬಿಯಾಸ್ ಬಂದಾಗ ಹೇಗಿತ್ತೋ ಹಾಗೇ ಇದೆ. ಎಲೆ ಮೇಲೆ ಹಸಿರು ಚುಕ್ಕೆ, ಅಂಚಿನಲ್ಲಿ ಕಪ್ಪು ಕೂದಲಿನಂಥದ್ದು ಬಂದಿದೆ. ಅಂಗಡಿಯವರು ಬೆಳಕು ಸಾಲದು ಅಂದರು, 18 ವಾಟ್ ಎಲ್‌ಇಡಿ ಹಾಕಿ 12 ಗಂಟೆ ಉರಿಸುತ್ತಿದ್ದೇನೆ. ಅವರೇ ಕೊಟ್ಟ ಗೊಬ್ಬರದ ಬಾಟಲಿಯಿಂದ ದಿನಾ ಒಂದು ಮುಚ್ಚಳ ಹಾಕುತ್ತೇನೆ. ತಿಂಗಳಿಗೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯುತ್ತೇನೆ. ನಳದ ನೀರು ಬಂದ ದಿನ ಅದನ್ನು, ಇಲ್ಲದಿದ್ದರೆ ಬೋರ್ ನೀರು ತುಂಬುತ್ತೇನೆ. ಹೋದ ಸಲ ತೊಳೆದ ಮೇಲೆ ಒಂದೇ ವಾರದಲ್ಲಿ ಕ್ರಿಪ್ಟ್ ಎಲೆಗಳೆಲ್ಲ ಕರಗಿಹೋದವು. ಸಿಓ2 ಸಿಲಿಂಡರ್ ಹಾಕಿಸಬೇಕಾ? ಕ್ರಿಪ್ಟ್ ಕಿತ್ತು ಬಿಸಾಡಲಾ? ಅದರ ಜಾಗಕ್ಕೆ ಬುಸೆಫಲಾಂಡ್ರಾ ಗಿಡ ತರೋಣ ಅಂತಿದ್ದೇನೆ.

ಉತ್ತರ: ಕ್ರಿಪ್ಟ್ ಬಿಸಾಡಬೇಡಿ, ಸಿಲಿಂಡರ್ ಬೇಡ. ಲೈಟನ್ನು ಇವತ್ತೇ ಕಮ್ಮಿ ಮಾಡಿ. ಈ ಮೂರು ಮಾತು ಮೊದಲು ಹೇಳಿಬಿಟ್ಟೆ, ಯಾಕಂದ್ರೆ ಉಳಿದದ್ದನ್ನು ಓದುವಷ್ಟರಲ್ಲಿ ನೀವು ಜಲ್ಲಿಗೆ ಕೈ ಹಾಕಿಬಿಟ್ಟರೆ ಕಷ್ಟ.

ನಿಮ್ಮ ಗಿಡಗಳು ಸತ್ತಿಲ್ಲ. ನೀವು ಬರೆದದ್ದನ್ನು ನೋಡಿದರೆ ಅವುಗಳಿಗೆ ಕೊರತೆ ಆಗಿಲ್ಲ, ಎಲ್ಲವೂ ಜಾಸ್ತಿ ಆಗಿದೆ. ಬೆಳಕು ಜಾಸ್ತಿ, ಗೊಬ್ಬರ ಜಾಸ್ತಿ, ತೊಳೆಯೋದು ಜಾಸ್ತಿ. ನಿಧಾನಕ್ಕೆ ಬೆಳೆಯುವ ಗಿಡವನ್ನು ಬೇಗ ಬೆಳೆಸೋಕೆ ಹೋದಾಗ ನಾವು ಹಾಕಿದ್ದೆಲ್ಲ ಪಾಚಿಗೆ ಹೋಗುತ್ತದೆ. ಗಿಡಕ್ಕೆ ಅದನ್ನು ತಗೊಳ್ಳುವ ವೇಗವೇ ಇಲ್ಲ, ಪಾಚಿಗಿದೆ. ನಿಮ್ಮ ಟ್ಯಾಂಕಿನಲ್ಲಿ ನಡೆದದ್ದು ಇಷ್ಟೇ. ಹಾಗಾಗಿ ನಾನು ಹೇಳುವ ಕೆಲಸಗಳಲ್ಲಿ ಹೊಸದಾಗಿ ಸೇರಿಸೋದು ಕಮ್ಮಿ, ತೆಗೆಯೋದು ಜಾಸ್ತಿ ಇರುತ್ತದೆ.

ಅನುಬಿಯಾಸ್ ಎಲ್ಲಿಂದ ಬಂತು ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಅದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡಿನ ಗಿಡ, ನಮ್ಮ ಕೆಸುವಿನ ಕುಟುಂಬದ್ದು. ದೊಡ್ಡ ಮರಗಳ ನೆರಳಿನಲ್ಲಿ, ಹೊಳೆ ದಂಡೆಯ ಬಂಡೆಗಳಿಗೆ, ಬಿದ್ದ ಮರದ ದಿಮ್ಮಿಗಳಿಗೆ ಬೇರು ಹಿಡಿದುಕೊಂಡು ಬೆಳೆಯುತ್ತದೆ. ಅಲ್ಲಿ ಮಣ್ಣೂ ಕಮ್ಮಿ, ಬಿಸಿಲೂ ಕಮ್ಮಿ. ಅಂಥ ಜಾಗದಲ್ಲಿ ಬದುಕೋಕೆ ಅದು ಕಲಿತ ದಾರಿ ಏನಂದ್ರೆ ದಪ್ಪ ಎಲೆ ಬಿಡೋದು, ಬಿಟ್ಟ ಎಲೆಯನ್ನು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಳ್ಳೋದು, ಹೊಸ ಎಲೆಗೆ ಅವಸರ ಮಾಡದೇ ಇರೋದು. ಚೆನ್ನಾಗಿರುವ ಅನುಬಿಯಾಸ್ ಕೂಡ ಮೂರು ನಾಲ್ಕು ವಾರಕ್ಕೆ ಒಂದು ಎಲೆ ಬಿಟ್ಟರೆ ಅದೇ ಅದರ ಸಹಜ ವೇಗ. ಹೊಸ ಜಾಗಕ್ಕೆ ಬಂದಾಗ ಮೊದಲ ಒಂದೆರಡು ತಿಂಗಳು ಅಷ್ಟೂ ಇರುವುದಿಲ್ಲ. ಅದರ ಮೇಲೆ ನೀವು ಪ್ರತಿ ತಿಂಗಳೂ ಕಿತ್ತು, ತೊಳೆದು, ಮತ್ತೆ ನೆಟ್ಟಿದ್ದೀರಿ. ಅಂದ್ರೆ ಅದಕ್ಕೆ ಪ್ರತಿ ತಿಂಗಳೂ ಹೊಸ ಜಾಗವೇ.

ಎಲೆ ಇಷ್ಟು ದಿನ ಬದುಕುತ್ತದಲ್ಲ, ಅದೇ ತೊಂದರೆಯ ಮೂಲವೂ ಹೌದು. ಹೈಡ್ರಿಲ್ಲಾ ತರಹದ ಗಿಡದ ಹಳೇ ಎಲೆ ಮೇಲೆ ಪಾಚಿ ಹತ್ತುವ ಹೊತ್ತಿಗೆ ತುದಿಯಲ್ಲಿ ಹೊಸ ಎಲೆ ಬಂದಿರುತ್ತದೆ, ಕೆಳಗಿನದ್ದನ್ನು ಕತ್ತರಿಸಿ ಎಸೆದರೆ ಆಯಿತು. ಅನುಬಿಯಾಸ್‌ನ ಒಂದೊಂದು ಎಲೆಯೂ ತಿಂಗಳುಗಟ್ಟಲೆ ಅದೇ ಬೆಳಕಿಗೆ ಮುಖ ಮಾಡಿಕೊಂಡು ಕೂತಿರುತ್ತದೆ. ಪಾಚಿಗೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಅದಕ್ಕೇ ಈ ಗಿಡಗಳ ವಿಷಯದಲ್ಲಿ ಪಾಚಿ ಬಂದ ಮೇಲೆ ಒದ್ದಾಡೋದಕ್ಕಿಂತ ಬರದ ಹಾಗೆ ನೋಡಿಕೊಳ್ಳೋದೇ ಮುಖ್ಯ.

ಈಗ ಬೆಳಕಿನ ಲೆಕ್ಕ. ನಿಮ್ಮ ಟ್ಯಾಂಕ್ ಅಳತೆಗೆ ಸುಮಾರು 56 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ನಿಜವಾದ ನೀರು 45 ಲೀಟರ್ ಇರಬಹುದು. ಎಲ್‌ಇಡಿ ಲೈಟ್ ಸಾಮಾನ್ಯವಾಗಿ ಒಂದು ವಾಟ್‌ಗೆ 100 ಲ್ಯೂಮೆನ್ (ಬೆಳಕಿನ ಅಳತೆ) ಹತ್ತಿರ ಕೊಡುತ್ತದೆ. ಅಂದ್ರೆ ನಿಮ್ಮದು 1800, ಲೀಟರಿಗೆ 40 ಲ್ಯೂಮೆನ್. ಸಿಓ2 ಹಾಕಿ ಕೆಂಪು ಗಿಡ ಬೆಳೆಸುವವರು ಇಡುವ ಬೆಳಕು ಇದು. ನೆರಳಿನ ಗಿಡಗಳಿಗೆ ಲೀಟರಿಗೆ 10ರಿಂದ 20 ಲ್ಯೂಮೆನ್ ಧಾರಾಳ ಆಯಿತು. ಇದು ಒರಟು ಲೆಕ್ಕ, ಲೈಟ್ ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೆ ಬದಲಾಗುತ್ತದೆ, ಆದರೆ ನಿಮ್ಮದು ಕಮ್ಮಿ ಅಂದ್ರೂ ದುಪ್ಪಟ್ಟಿದೆ. 9 ವಾಟ್‌ನದ್ದು ಸಾಕು. ಹೊಸದು ಕೊಳ್ಳೋದು ಬೇಡ ಅಂದ್ರೆ ಇರುವ ಲೈಟನ್ನೇ ಒಂದಡಿ ಮೇಲಕ್ಕೆ ಎತ್ತಿ, ಅಥವಾ ಟ್ಯಾಂಕಿನ ಮೇಲೆ ಗಾಜಿನ ಮುಚ್ಚಳ ಇದ್ದರೆ ಅದರ ಮೇಲೆ ಬಟರ್ ಪೇಪರ್ ಅಂಟಿಸಿ. ದಿನಕ್ಕೆ ಆರರಿಂದ ಏಳು ಗಂಟೆ ಮಾತ್ರ, ಅದೂ ಟೈಮರ್ ಇಟ್ಟು. ಕರೆಂಟ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಪ್ಲಗ್ ಟೈಮರ್ ಸಾಕು. ಕೈಯಲ್ಲಿ ಹಾಕಿ ಆರಿಸುವವರ ಮನೆಯಲ್ಲಿ ಒಂದು ದಿನ ಐದು ಗಂಟೆ, ಭಾನುವಾರ ನೆಂಟರು ಬಂದರೆ ಹದಿನಾಲ್ಕು ಗಂಟೆ ಆಗುತ್ತದೆ. ಟ್ಯಾಂಕ್ ಮೇಲೆ ಕಿಟಕಿಯ ನೇರ ಬಿಸಿಲು ಬೀಳುತ್ತಾ ಅಂತಲೂ ನೋಡಿ. ಬೀಳುತ್ತಿದ್ದರೆ ಪರದೆ ಎಳೆಯಿರಿ, ಇಲ್ಲ ಅಂದ್ರೆ ಮೇಲೆ ಮಾಡಿದ ಲೆಕ್ಕ ಎಲ್ಲ ನೀರಲ್ಲಿ ಹೋಮ.

ಎರಡನೇ ವಿಷಯ ನೆಟ್ಟ ರೀತಿ. "ಜಲ್ಲಿಯಲ್ಲಿ ನೆಟ್ಟೆ" ಅಂತ ಬರೆದಿದ್ದೀರಿ, ಅದನ್ನು ಓದಿ ನನಗೆ ದಿಗಿಲಾಯಿತು. ಕ್ರಿಪ್ಟ್ ನೆಡಬೇಕು, ಸರಿ. ಅನುಬಿಯಾಸ್ ಮತ್ತು ಜಾವಾ ಫರ್ನ್ ನೆಡಬಾರದು. ಅವುಗಳ ಬುಡದಲ್ಲಿ ಅಡ್ಡಕ್ಕೆ ಮಲಗಿದ ಹಸಿರು ಕಾಂಡ ಇರುತ್ತದೆ ನೋಡಿ, ಮೇಲ್ಗಡೆಯಿಂದ ಎಲೆ, ಕೆಳಗಡೆಯಿಂದ ಬೇರು ಹೊರಡುವಂಥದ್ದು. ಅದನ್ನು ರೈಜೋಮ್ ಅಂತಾರೆ, ಶುಂಠಿಯ ಕೊಂಬಿನ ಹಾಗೇ. ಆದರೆ ಶುಂಠಿಯನ್ನು ಮಣ್ಣಲ್ಲಿ ಹೂಳುತ್ತೇವೆ, ಇದನ್ನು ಹೂತರೆ ಕೊಳೆಯುತ್ತದೆ. ಜಲ್ಲಿಯೊಳಗೆ ನೀರು ಓಡಾಡುವುದಿಲ್ಲ, ಆಮ್ಲಜನಕ ತಲುಪುವುದಿಲ್ಲ, ರೈಜೋಮ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿ ಎಲೆಗಳು ಬುಡದಿಂದ ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ.

ನಾಳೆನೇ ಅನುಬಿಯಾಸನ್ನು ನಿಧಾನಕ್ಕೆ ಎತ್ತಿ, ರೈಜೋಮನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದು ಹಸಿರಾಗಿದ್ದರೆ ನೀವು ಗೆದ್ದಿರಿ. ಬೆರಳು ಒಳಗೆ ಹೋಗುವಷ್ಟು ಮೆತ್ತಗಿದ್ದರೆ, ಮೂಗಿನ ಹತ್ತಿರ ತಂದಾಗ ಕೊಳೆತ ವಾಸನೆ ಬಂದರೆ, ಆ ಭಾಗವನ್ನು ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಒಳಗಡೆ ಬೆಳ್ಳಗೆ ಅಥವಾ ತಿಳಿಹಸಿರಾಗಿ ಕಾಣುವ ತನಕ ಕತ್ತರಿಸಬೇಕು, ಅರ್ಧಕ್ಕೆ ನಿಲ್ಲಿಸಿದರೆ ಕೊಳೆ ಮುಂದಕ್ಕೆ ಹೋಗುತ್ತದೆ. ಮೂರು ನಾಲ್ಕು ಎಲೆ ಇರುವ ಗಟ್ಟಿ ತುಂಡು ಉಳಿದರೂ ಸಾಕು, ಅದರಿಂದ ಗಿಡ ಬರುತ್ತದೆ.

ಆಮೇಲೆ ಅದನ್ನು ಕಲ್ಲಿಗೋ ಮರದ ತುಂಡಿಗೋ ಕಟ್ಟಿ. ಹೊಲಿಗೆಯ ಹತ್ತಿ ದಾರ ನೀರಿನಲ್ಲಿ ಕೆಲವೇ ವಾರಕ್ಕೆ ಕೊಳೆತು ಹೋಗುತ್ತದೆ. ಜಾವಾ ಮಾಸ್‌ಗೆ ಅದು ನಡೆಯುತ್ತದೆ, ಅನುಬಿಯಾಸ್ ಬೇರು ಅಷ್ಟರಲ್ಲಿ ಕಲ್ಲು ಹಿಡಿದಿರುವುದಿಲ್ಲ. ಮೀನು ಹಿಡಿಯುವ ತೆಳು ನೈಲಾನ್ ದಾರ ಒಳ್ಳೇದು. ಅಂಟಿಸೋದಾದರೆ ಜೆಲ್ ರೂಪದ ಸೂಪರ್ ಗ್ಲೂ, ಬೇರಿನ ಕಡೆಗೆ ಎರಡು ಮೂರು ಹನಿ ಮಾತ್ರ. ಬೇರಿನ ಮೇಲಿನ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಅಂಟಿಸಿ, ಒಂದು ನಿಮಿಷ ಹಿಡಿದುಕೊಂಡು ನೀರಿಗಿಳಿಸಿ. ಗ್ಲೂ ನೀರಲ್ಲಿ ಬೆಳ್ಳಗಾಗುತ್ತದೆ, ಮೀನಿಗೆ ಅದರಿಂದ ತೊಂದರೆ ಇಲ್ಲ.

ಕಲ್ಲಿನ ಬಗ್ಗೆ ಒಂದು ಮಾತು, ಅದರಲ್ಲೂ ನಿಮ್ಮ ಕಡೆಯವರಿಗೆ. ಮನೆ ಕಟ್ಟುವಾಗ ಉಳಿದ ಶಹಾಬಾದ್ ಕಲ್ಲಿನ ತುಂಡನ್ನು ಟ್ಯಾಂಕಿಗೆ ಹಾಕುವವರು ತುಂಬಾ ಜನ. ಅದು ಸುಣ್ಣದ ಕಲ್ಲು, ಕಡಪ ಕಲ್ಲೂ ಅಷ್ಟೇ. ನೀರಿನಲ್ಲಿ ನಿಧಾನಕ್ಕೆ ಕರಗುತ್ತಾ ಗಡಸುತನ ಏರಿಸುತ್ತವೆ. ಯಾವ ಕಲ್ಲು, ಯಾವ ಜಲ್ಲಿ ಆದರೂ ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಬೇಡ. ಗ್ರಾನೈಟ್ ತುಂಡು ನಿಶ್ಚಿಂತೆ. ಚೆನ್ನಾಗಿ ಉಜ್ಜಿ ತೊಳೆದು ಕುದಿಸಿದ ತೆಂಗಿನ ಕರಟಕ್ಕೂ ಜಾವಾ ಫರ್ನ್ ಸೊಗಸಾಗಿ ಹಿಡಿಯುತ್ತದೆ, ನೀರು ಸ್ವಲ್ಪ ಚಹಾ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ.

ಜಾವಾ ಫರ್ನ್ ಬಗ್ಗೆ ನೀವು ಏನೂ ದೂರು ಹೇಳಿಲ್ಲ, ಆದರೂ ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕೆ ಸಾಲುಸಾಲಾಗಿ ಕಂಡರೆ ರೋಗ ಅಂದುಕೊಂಡು ಕಿತ್ತುಹಾಕಬೇಡಿ. ಅದು ಜರಿಗಿಡ, ಆ ಚುಕ್ಕೆಗಳಲ್ಲಿ ಬೀಜಕಣ ಇರುತ್ತವೆ. ಹಳೇ ಎಲೆಯ ತುದಿಯಲ್ಲಿ ಪುಟ್ಟ ಮರಿಗಿಡ ಬೇರು ಸಮೇತ ಹುಟ್ಟುತ್ತದೆ. ಎರಡು ಮೂರು ಎಲೆ ಬಂದ ಮೇಲೆ ಅದನ್ನು ಬಿಡಿಸಿ ಬೇರೆ ಕಡೆ ಕಟ್ಟಬಹುದು.

ಇನ್ನು ಕ್ರಿಪ್ಟ್. ನಿಮ್ಮನ್ನು ಜಾಸ್ತಿ ಹೆದರಿಸಿದ್ದು ಇದೇ, ನನಗೆ ಎಲ್ಲಕ್ಕಿಂತ ಧೈರ್ಯ ಇರುವುದೂ ಇದರ ಮೇಲೇ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಕ್ರಿಪ್ಟೊಕೊರೈನ್ ವೆಂಡ್ಟಿ ಶ್ರೀಲಂಕಾದ ಗಿಡ. ಇದರ ಸಂಬಂಧಿಗಳು ನಮ್ಮಲ್ಲೂ ಇವೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕಲ್ಲುಗಳ ಸಂದಿಯಲ್ಲಿ ಹುಲ್ಲಿನ ಹಾಗೆ ಉದ್ದ ಎಲೆ ಬಿಟ್ಟುಕೊಂಡಿರುವ ಕ್ರಿಪ್ಟೊಕೊರೈನ್ ರೆಟ್ರೋಸ್ಪೈರಾಲಿಸ್ ಮಳೆಗಾಲವಿಡೀ ನೀರೊಳಗಿದ್ದು, ಬೇಸಗೆಯಲ್ಲಿ ಹೊಳೆ ಇಳಿದಾಗ ದಂಡೆಯ ಮೇಲೆ ಹೂ ಬಿಡುತ್ತದೆ. ನೀರು ಏರಿ ಇಳಿಯುವ ಜಾಗದ ಗಿಡಗಳಿವು. ಪರಿಸ್ಥಿತಿ ತಟ್ಟನೆ ಬದಲಾದರೆ ಇದ್ದ ಎಲೆಗಳನ್ನೆಲ್ಲ ಬಿಟ್ಟುಕೊಟ್ಟು ಬೇರಿನಲ್ಲಿ ಜೀವ ಹಿಡಿದುಕೊಂಡು, ಹೊಸ ಪರಿಸ್ಥಿತಿಗೆ ತಕ್ಕ ಎಲೆಗಳನ್ನು ಮತ್ತೆ ಕಟ್ಟುತ್ತವೆ. ಅಕ್ವೇರಿಯಂ ಇಟ್ಟವರು ಇದಕ್ಕೆ ಕ್ರಿಪ್ಟ್ ಮೆಲ್ಟ್ ಅಂತಾರೆ. ಎಲೆ ಗಾಜಿನ ಹಾಗೆ ಪಾರದರ್ಶಕ ಆಗಿ, ಲೋಳೆಯಾಗಿ, ಎರಡು ಮೂರು ದಿನದಲ್ಲಿ ಇಡೀ ಗಿಡ ನೆಲಸಮ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ.

ನಿಮ್ಮಲ್ಲಿ ಏನು ಬದಲಾಯಿತು ಅಂತ ನೀವೇ ಬರೆದಿದ್ದೀರಿ. ಪೂರ್ತಿ ನೀರು ಹೋಯಿತು, ಬೇರು ಅಲ್ಲಾಡಿತು, ಮೊನ್ನೆ ತನಕ ಬೋರ್ ನೀರಿದ್ದ ಕಡೆ ನಳದ ನೀರು ಬಂತು ಅಥವಾ ಅದರ ಉಲ್ಟಾ. ಮಲಪ್ರಭೆಯ ನೀರಿಗೂ ನಿಮ್ಮ ಬೋರ್ ನೀರಿಗೂ ಗಡಸುತನದಲ್ಲಿ ಬಹಳ ವ್ಯತ್ಯಾಸ ಇದ್ದೇ ಇರುತ್ತದೆ. ಇಷ್ಟು ಸಾಕು ಕ್ರಿಪ್ಟ್ ಕರಗೋಕೆ. ಈಗ ಮಾಡಬೇಕಾದ್ದು ಲೋಳೆಯಾದ ಎಲೆಗಳನ್ನು ಪೈಪಿನಿಂದ ಎಳೆದು ತೆಗೆಯೋದು, ಯಾಕಂದ್ರೆ ಕೊಳೆತರೆ ಅಮೋನಿಯಾ ಏರುತ್ತದೆ. ಬುಡವನ್ನು ಮೆಲ್ಲಗೆ ಎಳೆದು ನೋಡಿ. ಜಲ್ಲಿ ಹಿಡಿದುಕೊಂಡಿದ್ದರೆ ಬೇರು ಜೀವಂತ ಇದೆ ಅಂತ ಅರ್ಥ, ಅಲ್ಲಿಗೆ ಕೈ ತೆಗೆದುಬಿಡಿ. ಹತ್ತಿರದಲ್ಲಿ ಜಲ್ಲಿಯೊಳಗೆ ಎರಡು ಇಂಚು ಆಳಕ್ಕೆ ಒಂದು ರೂಟ್ ಟ್ಯಾಬ್, ಅಂದ್ರೆ ಬೇರಿಗೆ ಹಾಕುವ ಗೊಬ್ಬರದ ಗುಳಿಗೆ ಒತ್ತಿ, ಕ್ರಿಪ್ಟ್ ಊಟ ಮಾಡೋದು ಹೆಚ್ಚಾಗಿ ಬೇರಿನಿಂದ. ಮೂರು ನಾಲ್ಕು ವಾರದಲ್ಲಿ ನಡುವಿನಿಂದ ಸೂಜಿಯಂಥ ಚಿಗುರು ಬರುತ್ತದೆ, ಕೆಲವು ಸಲ ಇನ್ನೂ ತಡ. ಅಷ್ಟರಲ್ಲಿ ಕಿತ್ತು ಬೇರು ನೋಡುವ ಆಸೆ ಬರುತ್ತದೆ, ದಯವಿಟ್ಟು ಬೇಡ. ಹೊಸ ಎಲೆ ಹಳೇ ಎಲೆಯ ಹಾಗಿರುವುದಿಲ್ಲ, ಬಣ್ಣ ಆಕಾರ ಎರಡೂ ಬೇರೆ ಇರಬಹುದು. ಅದೇ ನಿಮ್ಮ ಟ್ಯಾಂಕಿನ ನಿಜವಾದ ಎಲೆ. ಅಂಗಡಿಯಲ್ಲಿ ನೀವು ಕೊಂಡಾಗ ಇದ್ದ ಎಲೆ ಬಹುಶಃ ನರ್ಸರಿಯಲ್ಲಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆದದ್ದು.

ಇನ್ಮೇಲೆ ಟ್ಯಾಂಕ್ ಖಾಲಿ ಮಾಡಿ ತೊಳೆಯೋದು ಪೂರ್ತಿ ನಿಲ್ಲಿಸಿ. ನಮ್ಮಲ್ಲಿ ಇದು ಎಷ್ಟು ಬೇರೂರಿದ ಅಭ್ಯಾಸ ಅಂದ್ರೆ, ತೊಳೆಯದಿದ್ದರೆ ಮೀನು ಸಾಯುತ್ತದೆ ಅಂತಲೇ ಎಲ್ಲರೂ ನಂಬಿದ್ದಾರೆ. ಆಗೋದು ತಿರುಗಾಮುರುಗಾ. ಮೀನಿನ ಹೇಲಿನಿಂದ, ಉಳಿದ ಆಹಾರದಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಜಲ್ಲಿಯಲ್ಲಿ, ಫಿಲ್ಟರ್ ಸ್ಪಂಜಿನಲ್ಲಿ ಮನೆ ಮಾಡಿಕೊಂಡಿರುತ್ತವೆ. ನಳದ ಕ್ಲೋರಿನ್ ನೀರಲ್ಲಿ ಎಲ್ಲವನ್ನೂ ಉಜ್ಜಿ ತೊಳೆದಾಗ ಅವೂ ಹೋದವು. ಅಮೋನಿಯಾ ಏರಿತು, ಮೇಲಿಂದ 12 ಗಂಟೆ ಬೆಳಕು. ಪಾಚಿ ಹುಟ್ಟಿಸೋಕೆ ಇದಕ್ಕಿಂತ ಚೆನ್ನಾದ ವಿಧಾನ ಇಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಅಂದ್ರೆ ಒಂದು ಬಕೆಟ್ ಚಿಲ್ಲರೆ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಅದೇ ನೀರಿನಲ್ಲಿ ಹಿಂಡಿ. ಗಿಡ ಅಲ್ಲಾಡಿಸುವ ಕೆಲಸವೇ ಇಲ್ಲ.

ನೀರು ಯಾವುದು ಅನ್ನೋದಕ್ಕಿಂತ ಯಾವಾಗಲೂ ಒಂದೇ ಇರಲಿ ಅನ್ನೋದು ಮುಖ್ಯ. ವಾರಕ್ಕೆ ಒಂದು ಬಕೆಟ್ ತಾನೇ ಬೇಕಾಗಿರೋದು, ನಳದ ನೀರು ಬಂದ ದಿನ ಒಂದು ಡ್ರಮ್ಮಿನಲ್ಲಿ ಇದಕ್ಕೆ ಅಂತಲೇ ಹಿಡಿದಿಟ್ಟುಬಿಡಿ. ಮಾಮೂಲಿ ಕ್ಲೋರಿನ್ ಬಾಯಿ ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಇಟ್ಟರೆ ಹಾರಿಹೋಗುತ್ತದೆ. ಅವಸರ ಇದ್ದರೆ ಆಂಟಿಕ್ಲೋರಿನ್ ಎರಡು ಹನಿ. ಬೋರ್ ನೀರೇ ಗತಿ ಅಂದ್ರೂ ಅನುಬಿಯಾಸ್, ಜಾವಾ ಫರ್ನ್, ವೆಂಡ್ಟಿ ಮೂರೂ ಗಡಸು ನೀರಿಗೆ ಹೊಂದಿಕೊಳ್ಳುತ್ತವೆ, ಗಪ್ಪಿಗಂತೂ ಅದೇ ಇಷ್ಟ. ತೀರಾ ಗಡಸಾಗಿದ್ದರೆ, ಅಂದ್ರೆ ಗಾಜಿನ ಮೇಲೆ ನೀರಿನ ಗೆರೆಯಲ್ಲಿ ಸುಣ್ಣದಂಥ ಬಿಳಿ ಪಟ್ಟಿ ಕೂರುತ್ತಿದ್ದರೆ, ಅರ್ಧ ಆರ್‌ಓ ನೀರು ಬೆರೆಸಿ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಹಾಕಬೇಡಿ, ಮೂಲ ನೀರಿನ ಉಪ್ಪಿನಂಶವೆಲ್ಲ ಅದರಲ್ಲೇ ಇರುತ್ತದೆ. ಉಪ್ಪು ತುಂಬುವ ವಾಟರ್ ಸಾಫ್ಟನರ್ ನೀರೂ ಬೇಡ, ಅದು ಸುಣ್ಣದಂಶ ತೆಗೆದು ಸೋಡಿಯಂ ಸೇರಿಸುತ್ತದೆ.

ಪಾಚಿಗೆ ಬರೋಣ. ನೀವು ಹೇಳಿದ ಎರಡೂ ಬೇರೆ ಬೇರೆ. ಗಟ್ಟಿಯಾಗಿ ಅಂಟಿಕೊಂಡ, ಉಗುರಿನಲ್ಲಿ ಕೆರೆದರೂ ಬಿಡದ ದುಂಡನೆ ಹಸಿರು ಚುಕ್ಕೆ ಇದ್ದರೆ ಅದು ಗ್ರೀನ್ ಸ್ಪಾಟ್. ಬೆಳಕು ಜಾಸ್ತಿಯಾಗಿ, ನೀರಿನಲ್ಲಿ ಫಾಸ್ಫೇಟ್ ಕಮ್ಮಿ ಇದ್ದಾಗ ಬರುತ್ತದೆ. ಅಂಚಿನಲ್ಲಿ ಕುಂಚದ ಹಾಗೆ ನಿಂತ ಕಪ್ಪು ಕೂದಲು ಬ್ಲ್ಯಾಕ್ ಬಿಯರ್ಡ್. ನೋಡೋಕೆ ಕಪ್ಪಾದರೂ ಅದು ಕೆಂಪು ಪಾಚಿಯ ಗುಂಪಿನದ್ದು. ನೀರಿನಲ್ಲಿ ಕಸ ಜಾಸ್ತಿ ಇದ್ದು ಸಿಓ2 ಏರುಪೇರಾಗುವ ಕಡೆ ಅದು ಬರುತ್ತದೆ.

ಹತ್ತಿದ ಎಲೆಗಳಿಗೆ ಹೀಗೆ ಮಾಡಿ. ಮೆಡಿಕಲ್ ಶಾಪ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಿಗುತ್ತದೆ, ನಮ್ಮಲ್ಲಿ ಹೆಚ್ಚಾಗಿ 6 ಪರ್ಸೆಂಟ್‌ನದ್ದು. ಅಷ್ಟೇ ನೀರು ಬೆರೆಸಿದರೆ 3 ಪರ್ಸೆಂಟ್ ಆಯಿತು. ಅನುಬಿಯಾಸನ್ನು ಕಲ್ಲಿನ ಸಮೇತ ಹೊರಗೆ ತೆಗೆದು ತಟ್ಟೆಯಲ್ಲಿಟ್ಟು, ಮಕ್ಕಳ ಬಣ್ಣದ ಕುಂಚದಿಂದ ಕಪ್ಪು ಕೂದಲಿನ ಮೇಲೆ ಮಾತ್ರ ಹಚ್ಚಿ. ಸಣ್ಣ ಗುಳ್ಳೆ ಏಳುತ್ತವೆ. ಎರಡು ಮೂರು ನಿಮಿಷ ಬಿಟ್ಟು, ಬೇರೆ ನೀರಿನಲ್ಲಿ ಅದ್ದಿ ತೊಳೆದು ವಾಪಸ್ ಇಡಿ. ಕೆಲವು ದಿನಗಳಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿ, ಬೆಳ್ಳಗಾಗಿ, ಉದುರುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಟ್ಯಾಂಕಿನೊಳಗೆ ಸುರಿಯಬೇಡಿ, ಕ್ರಿಪ್ಟ್‌ಗೂ ಮಾಸ್‌ಗೂ ಇದನ್ನು ಹಚ್ಚಬೇಡಿ, ಅವಕ್ಕೆ ತಡೆಯುವ ಶಕ್ತಿ ಕಮ್ಮಿ. ಹಸಿರು ಚುಕ್ಕೆ ಇದರಿಂದ ಅಷ್ಟಾಗಿ ಹೋಗುವುದಿಲ್ಲ. ಎಲೆ ಪೂರ್ತಿ ಮುಚ್ಚಿಹೋಗಿದ್ದರೆ ಬುಡದಲ್ಲಿ ಕತ್ತರಿಸಿ, ಆದರೆ ಒಂದೇ ಸಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಲೆ ತೆಗೆಯಬೇಡಿ. ಗಿಡಕ್ಕೆ ಹೊಸ ಎಲೆ ಕಟ್ಟೋಕೆ ಬಂಡವಾಳ ಆ ಹಳೇ ಎಲೆಗಳೇ. ನೆರೈಟ್ ಬಸವನಹುಳು ಎರಡು ಬಿಟ್ಟರೆ ಚುಕ್ಕೆಗಳನ್ನು ತಕ್ಕಮಟ್ಟಿಗೆ ಕೆರೆದು ತಿನ್ನುತ್ತವೆ, ಸಿಹಿನೀರಲ್ಲಿ ಅವು ಮರಿ ಮಾಡುವುದೂ ಇಲ್ಲ.

ಗೊಬ್ಬರ. ಬಾಟಲಿಯ ಮೇಲೆ ಏನಿದೆ ಅಂತ ಓದಿ. ಒಳಗೇನಿದೆ ಅಂತ ಬರೆದಿರದ ಬಾಟಲಿ ಆದರೆ ಪಕ್ಕಕ್ಕಿಡಿ. ಹತ್ತು ಗಪ್ಪಿ ಇರುವ ಟ್ಯಾಂಕಿನಲ್ಲಿ ಈ ಮೂರು ಗಿಡಕ್ಕೆ ಬೇಕಾದ ಸಾರಜನಕ ಬಹುಪಾಲು ಮೀನಿನಿಂದಲೇ ಬರುತ್ತದೆ. ಕೊರತೆ ಬೀಳೋದು ಪೊಟ್ಯಾಸಿಯಂ, ಕೆಲವು ಕಡೆ ಫಾಸ್ಫೇಟ್. ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು ಸುತ್ತ ಹಳದಿಯಾದರೆ ಪೊಟ್ಯಾಸಿಯಂ ಕಮ್ಮಿ ಇರಬಹುದು. ಹೊಸ ಎಲೆ ಬಿಳಚಿಕೊಂಡು ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದಂಶ ನೋಡಬೇಕು.

ಬಾಟಲಿಗೆ ದುಡ್ಡು ಹಾಕೋದರ ಬದಲು ರೈತರ ಗೊಬ್ಬರದ ಅಂಗಡಿಗೆ ಹೋಗಿ. ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಡ್ರಿಪ್‌ನಲ್ಲಿ ಬಿಡುವ 13-0-45 ಅಂದ್ರೆ ಪೊಟ್ಯಾಸಿಯಂ ನೈಟ್ರೇಟ್, 0-52-34 ಅಂದ್ರೆ ಮೋನೋ ಪೊಟ್ಯಾಸಿಯಂ ಫಾಸ್ಫೇಟ್. ಒಂದೊಂದು ಕಿಲೋ ತಂದರೆ ವರ್ಷಗಟ್ಟಲೆ ಬರುತ್ತದೆ, ಗೆಳೆಯರಿಗೂ ಹಂಚಬಹುದು. ಅರ್ಧ ಲೀಟರ್ ಆರ್‌ಓ ನೀರಿಗೆ ಮೊದಲನೆಯದು 10 ಗ್ರಾಂ, ಎರಡನೆಯದು 1 ಗ್ರಾಂ ಹಾಕಿ ಕರಗಿಸಿ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು, ಚಮಚದ ಅಂದಾಜು ಬೇಡ. ನಿಮ್ಮ 45 ಲೀಟರಿಗೆ ವಾರಕ್ಕೆ ಒಂದೇ ಸಲ, ನೀರು ಬದಲಿಸಿದ ಮೇಲೆ 20 ಮಿಲಿ ಹಾಕಿ. ಅದರಿಂದ ನೈಟ್ರೇಟ್ ಸುಮಾರು 5 ಪಿಪಿಎಂ (ಅಂದ್ರೆ ಲೀಟರಿಗೆ 5 ಮಿಲಿಗ್ರಾಂ), ಫಾಸ್ಫೇಟ್ ಅರ್ಧ ಪಿಪಿಎಂ ಚಿಲ್ಲರೆ ಏರುತ್ತದೆ. ನಿಧಾನದ ಗಿಡಗಳಿಗೆ ಸಾಕೋ ಸಾಕು. ಅದೇ ಅಂಗಡಿಯಲ್ಲಿ 19-19-19 ಕೊಡೋಕೆ ಬರುತ್ತಾರೆ, ಮೂರೂ ಇದೆ ಅಂತ. ಅದರಲ್ಲಿ ಯೂರಿಯಾ, ಅಮೋನಿಯಂ ರೂಪದ ಸಾರಜನಕ ಇರುತ್ತದೆ, ಮೀನಿಗೆ ಅಪಾಯ, ತರಬೇಡಿ. ಬಾಟಲಿಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮೊದಲ ಒಂದು ತಿಂಗಳು ಇದನ್ನೂ ಶುರು ಮಾಡಬೇಡಿ, ಬೆಳಕು ಇಳಿಸಿದ್ದಕ್ಕೆ ಟ್ಯಾಂಕ್ ಏನು ಹೇಳುತ್ತದೆ ನೋಡೋಣ.

ಸಿಓ2 ಯಾಕೆ ಬೇಡ ಅಂದೆ? ಹಾಕಿದರೆ ಅನುಬಿಯಾಸ್ ಇನ್ನೂ ಚೆನ್ನಾಗಿ ಬೆಳೆಯುತ್ತದೆ, ಸುಳ್ಳಲ್ಲ. ಆದರೆ ಬೆಳಕು ಕಮ್ಮಿ ಇದ್ದಾಗ ಗಿಡ ಕೇಳುವ ಸಿಓ2 ಕೂಡ ಕಮ್ಮಿ, ಮೀನಿನ ಉಸಿರಿನಿಂದ, ಮೇಲಿನ ಗಾಳಿಯಿಂದ ಬರುವುದರಲ್ಲೇ ಸರಿಹೋಗುತ್ತದೆ. ಸಿಲಿಂಡರ್, ರೆಗ್ಯುಲೇಟರ್ ಅಂತ ಸಾವಿರಾರು ರೂಪಾಯಿ ಹಾಕಿ ಈ ಮೂರು ಗಿಡ ಬೆಳೆಸೋದು ದಂಡ. ಸಕ್ಕರೆ, ಈಸ್ಟ್ ಬಾಟಲಿಯಲ್ಲಿ ಮಾಡೋದು ಇನ್ನೂ ಕೆಟ್ಟದ್ದು. ಮೊದಲ ವಾರ ಗುಳುಗುಳು ಬಂದು ಎರಡನೇ ವಾರ ಅರ್ಧಕ್ಕೆ ಇಳಿಯುತ್ತದೆ, ಆ ಏರುಪೇರೇ ಕಪ್ಪು ಕೂದಲಿಗೆ ಬೇಕಾದ್ದು. ಲಿಕ್ವಿಡ್ ಕಾರ್ಬನ್ ಅಂತ ಮಾರುವುದು ಬಹುತೇಕ ಗ್ಲುಟರಾಲ್ಡಿಹೈಡ್, ಆಸ್ಪತ್ರೆಯಲ್ಲಿ ಉಪಕರಣಗಳ ಕ್ರಿಮಿ ಕೊಲ್ಲೋಕೆ ಬಳಸುವಂಥದ್ದು. ಪಾಚಿ ಕೊಲ್ಲುತ್ತದೆ ನಿಜ, ಅಳತೆ ತಪ್ಪಿದರೆ ಸೀಗಡಿ, ಮಾಸ್, ವ್ಯಾಲಿಸ್ನೇರಿಯಾ ಗಿಡ ಎಲ್ಲವನ್ನೂ ಕೊಲ್ಲುತ್ತದೆ.

ನಾನು ಸೇರಿಸಿ ಅನ್ನುವ ಒಂದೇ ಒಂದು ವಸ್ತು ವೇಗವಾಗಿ ಬೆಳೆಯುವ ಇನ್ನೊಂದು ಗಿಡ. ಹಾರ್ನ್‌ವರ್ಟ್ ಒಂದು ಹಿಡಿ, ಅಥವಾ ನೀರಿನ ಮೇಲೆ ತೇಲುವ ವಾಟರ್ ಸ್ಪ್ರೈಟ್. ಇವು ನೀರಿನಲ್ಲಿ ಉಳಿದ ಅಮೋನಿಯಾವನ್ನೂ ನೈಟ್ರೇಟನ್ನೂ ಪಾಚಿಗಿಂತ ಮೊದಲು ತಗೊಳ್ಳುತ್ತವೆ, ಮೇಲೆ ತೇಲಿದರೆ ಕೆಳಗಿನ ಅನುಬಿಯಾಸ್‌ಗೆ ಕಾಡಿನ ನೆರಳೂ ಸಿಗುತ್ತದೆ. ಗಪ್ಪಿ ಮರಿಗಳಿಗೆ ಅಡಗಿಕೊಳ್ಳೋಕೆ ಜಾಗ ಆಯಿತು. ಮೇಲ್ಮೈಯ ಅರ್ಧ ಭಾಗ ದಾಟದ ಹಾಗೆ ವಾರವಾರ ಕಿತ್ತು ತೆಗೆಯುತ್ತಿರಿ. ಕಿತ್ತದ್ದನ್ನು ಹೂಕುಂಡದ ಗೊಬ್ಬರಕ್ಕೆ ಹಾಕಿ, ಒಣಗಿಸಿ ಎಸೆಯಿರಿ, ಕೆರೆಗೆ ಮಾತ್ರ ಹಾಕಬೇಡಿ. ಅಂತರಗಂಗೆ (ವಾಟರ್ ಹಯಸಿಂತ್) ನಮ್ಮ ಕೆರೆಗಳನ್ನು ಮುಚ್ಚಿರೋದನ್ನು ದಿನಾ ನೋಡುತ್ತಿದ್ದೇವೆ. ದಕ್ಷಿಣ ಅಮೆರಿಕದಿಂದ ಚಂದದ ಹೂವಿನ ಗಿಡ ಅಂತ ತಂದದ್ದು ಅದು. ಈ ವಿಷಯದಲ್ಲಿ ನನಗೆ ಸ್ವಲ್ಪವೂ ರಾಜಿ ಇಲ್ಲ.

ಬೇಸಗೆಗೆ ಈಗಲೇ ತಯಾರಾಗಿ. ಈ ಗಿಡಗಳಿಗೆ 22ರಿಂದ 28 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು 30 ದಾಟಿದರೆ ಕ್ರಿಪ್ಟ್ ಮತ್ತೆ ಕರಗಬಹುದು. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬಿಟ್ಟರೆ ಆವಿಯಾಗುವುದರಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗೋದು ಬರೀ ನೀರು, ಸುಣ್ಣದಂಶ ಹಿಂದೆ ಉಳಿಯುತ್ತದೆ. ಕಮ್ಮಿಯಾದ ನೀರನ್ನು ಬೋರ್ ನೀರಿನಿಂದಲೇ ತುಂಬಿಸುತ್ತಾ ಹೋದರೆ ಜೂನ್ ಹೊತ್ತಿಗೆ ಗಡಸುತನ ಎಲ್ಲಿಗೋ ಹೋಗಿರುತ್ತದೆ. ಮೇಲೆ ತುಂಬಿಸೋಕೆ ಆರ್‌ಓ ನೀರು ಬಳಸಿ.

ಗಿಡ ಬೆಳೆಯುತ್ತಾ ಇದೆಯಾ ಅಂತ ದಿನಾ ನೋಡಿದರೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಅದೇ ಜಾಗದಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಎಲೆ ಎಣಿಸಿ. ಹಳೇ ಎಲೆಗಳನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ, ಅವುಗಳ ಮೇಲಿನ ಕಲೆ ಹೋಗುವುದಿಲ್ಲ. ಬೆಳಕು ಇಳಿಸಿದ ಮೇಲೆ ಬಂದ ಎಲೆ ಯಾವುದೋ ಅದನ್ನು ನೋಡಿ. ರೈಜೋಮಿನ ತುದಿಯಲ್ಲಿ ಸುರುಳಿ ಸುತ್ತಿಕೊಂಡು ಎಳೆಹಸಿರಾಗಿ ಬಂದು, ಬಿಚ್ಚಿಕೊಂಡ ಮೇಲೂ ಒಂದು ತಿಂಗಳು ಚುಕ್ಕೆಯಿಲ್ಲದೆ ಹೊಳೆಯುತ್ತಿದ್ದರೆ ನಿಮ್ಮ ಟ್ಯಾಂಕ್ ಸರಿಹೋಗಿದೆ. ಅದರ ಮೇಲೂ ಚುಕ್ಕೆ ಬಂದರೆ ಬೆಳಕು ಇನ್ನೂ ಒಂದು ಗಂಟೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಮೂರು ವಾರ ಸುಮ್ನೆ ಕೂರೋದು. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಹೇಳೋಕಾಗಲ್ಲ.

ಬುಸೆಫಲಾಂಡ್ರಾ ಈಗ ಬೇಡ. ಬೋರ್ನಿಯೋ ದ್ವೀಪದ ಹೊಳೆಗಳ ಬಂಡೆಗಳ ಮೇಲೆ ಬೆಳೆಯುವ ಗಿಡ, ಅನುಬಿಯಾಸ್‌ಗಿಂತ ನಿಧಾನ, ಬೆಲೆ ಜಾಸ್ತಿ, ನೀರು ಏರುಪೇರಾದರೆ ಕ್ರಿಪ್ಟ್ ಹಾಗೇ ಎಲೆ ಉದುರಿಸುತ್ತದೆ. ಕಾಡಿನಿಂದ ರಾಶಿರಾಶಿ ಕಿತ್ತು ತಂದು ಮಾರಿದ್ದರಿಂದ ಅಲ್ಲಿ ಅದಕ್ಕೆ ಪೆಟ್ಟು ಬಿದ್ದಿದೆ. ಕೊಳ್ಳುವಾಗ ಟಿಶ್ಯೂ ಕಲ್ಚರ್ ಡಬ್ಬಿಯಲ್ಲಿ ಬೆಳೆಸಿದ್ದನ್ನೇ ಕೇಳಿ ಕೊಳ್ಳಿ, ಅದರಲ್ಲಿ ಬಸವನಹುಳು, ಪಾಚಿ ಎರಡೂ ಬರುವುದಿಲ್ಲ. ಕ್ರಿಪ್ಟ್ ಮತ್ತೆ ನಾಲ್ಕೈದು ಎಲೆ ಬಿಡಲಿ, ಅನುಬಿಯಾಸ್‌ನಲ್ಲಿ ಮೂರು ಹೊಸ ಎಲೆ ಚುಕ್ಕೆಯಿಲ್ಲದೆ ನಿಲ್ಲಲಿ, ಆಮೇಲೆ ತನ್ನಿ. ಅಷ್ಟರೊಳಗೆ ರೈಜೋಮ್ ಒತ್ತಿ ನೋಡಿದಾಗ ಹೇಗಿತ್ತು ಅಂತ ಒಂದು ಸಾಲು ಬರೆಯಿರಿ, ಕೆಳಗಡೆಯಿಂದ ತೆಗೆದ ಫೋಟೋ ಇದ್ದರೆ ಇನ್ನೂ ಒಳ್ಳೇದು. ಮೆತ್ತಗಿದ್ದರೆ ಎಲ್ಲಿಗೆ ಕತ್ತರಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.